ಮುತ್ಯಾನ ಪಹಣಿ

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿಗೆ ಸೇರಿದ ಮಂಠಾಳವು ಒಂದು ಹೋಬಳಿಯ ಮುಖ್ಯಸ್ಥಳ. ಹುಮನಾಬಾದಿನ ಕಡೆಯಿಂದ ಸೋಲಾಪುರದ ಹೆದ್ದಾರಿಯಲ್ಲಿ ಹೋಗುವ ಪ್ರವಾಸಿಕರು ಬಸವಕಲ್ಯಾಣದ ಕೋಟೆಯನ್ನೂ ಅನುಭವ ಮಂಟಪವನ್ನೂ ನೋಡಲು ತಿರುಗಿಕೊಳ್ಳುವರೇ ಹೊರತು ಮಂಠಾಳವನ್ನು ನೋಡಲೆಂದು ಬರುವವರು ವಿರಳ. ಸುತ್ತಲೂ ತೊಗರಿ, ಸೋಯಾಬೀನು, ಉದ್ದು, ಜೋಳಗಳ ಹೊಲ. ಸ್ವಲ್ಪ ದೂರ ಹೋದರೆ ಮಹಾರಾಷ್ಟ್ರದ ಗಡಿ. ಆದರೆ ಸುತ್ತಣ ಹಳ್ಳಿಗಳ ರೈತನಿಗೆ ಮಂಠಾಳವೆಂದರೆ ಸಣ್ಣ ಊರಲ್ಲ. ಅವನ ಪಾಲಿಗೆ ಸರ್ಕಾರವು ವಾಸವಾಗಿರುವುದು ಇಲ್ಲಿಯ ನಾಡಕಚೇರಿಯಲ್ಲಿ. ಮಗನ ಜಾತಿ ಪತ್ರ, ಮಗಳ ಆದಾಯ ಪತ್ರ, ವಿಧವೆಯ ವೇತನ, ಮುಪ್ಪಿನ ವೇತನ, ಎಲ್ಲಕ್ಕಿಂತ ಮಿಗಿಲಾಗಿ ಹೊಲದ ಪಹಣಿ, ಇವೆಲ್ಲಕ್ಕೂ ಹೋಬಳಿಯ ಕಿಟಕಿಯೇ ಬಾಗಿಲು.

ಈ ಸೀಮೆಯ ಒಂದು ಸರ್ಕಾರಿ ಕಿಟಕಿಯ ಮುಂದೆ, ಅದು ಯಾವುದೆಂಬುದು ಇಲ್ಲಿ ಮುಖ್ಯವಲ್ಲ, ಒಂದು ಬೆಳಿಗ್ಗೆ ಒಬ್ಬ ವೃದ್ಧರು ನಿಂತಿದ್ದರು. ಬಿಳಿಯ ಧೋತರ, ತಲೆಗೆ ರುಮಾಲು, ಕಂಕುಳಲ್ಲಿ ಬಟ್ಟೆಯ ಗಂಟು. ಕಿಟಕಿಯೊಳಗಿದ್ದ ತರುಣನು ವಿನಯವಂತ.

“ಮುತ್ಯಾ, ಹೊಲ ಯಾರ ಹೆಸರಿಲೆ ಅದ?”

“ನಮ್ಮ ಅಪ್ಪನ ಹೆಸರಿಲೆ ಅದ ನೋಡಪ್ಪ.”

“ಅವರು ಅದಾರೇನ್ರಿ?”

“ಅವ ಹೋಗಿ ನಲವತ್ತು ವರ್ಷ ಆತು.”

ತರುಣನು ಸುಮ್ಮನಾದನು. ಅಜ್ಜನಿಗೆ ಈ ಕಡೆ ‘ಮುತ್ಯಾ’ ಎನ್ನುತ್ತಾರೆ. ಈ ಮುತ್ಯಾ ಉತ್ತು ಬಿತ್ತುತ್ತಿರುವುದು ನಲವತ್ತು ವರ್ಷಗಳಿಂದ. ಆದರೆ ಯಂತ್ರದ ಕಣ್ಣಿಗೆ ಆ ಹೊಲದಲ್ಲಿ ಇಂದಿಗೂ ಅವರ ತಂದೆಯೇ ಬೇಸಾಯ ಮಾಡುತ್ತಿದ್ದಾರೆ! ಅತಿವೃಷ್ಟಿಯಿಂದ ತೊಗರಿ ಕೊಳೆತುಹೋದ ವರ್ಷ ಸರ್ಕಾರವು ಕೊಟ್ಟ ಪರಿಹಾರವು ಮುತ್ಯಾನಿಗೆ ಬರಲಿಲ್ಲ. ಸತ್ತವರಿಗೆ ಬ್ಯಾಂಕಿನ ಖಾತೆಯಿಲ್ಲ; ಬದುಕಿದ್ದವರಿಗೆ ಪಹಣಿಯಿಲ್ಲ. ಪಹಣಿಯು ತನ್ನ ಹೆಸರಿನಲ್ಲಿಲ್ಲದವನಿಗೆ ರೈತನೆಂಬ ಗುರುತಿನ ಸಂಖ್ಯೆ ಸಿಕ್ಕುವುದು ಕಷ್ಟ, ಆ ಸಂಖ್ಯೆಯಿಲ್ಲದೆ ಬೆಳೆಸಾಲ, ಬಿತ್ತನೆ ಬೀಜ, ಬೆಂಬಲ ಬೆಲೆಯ ಮಾರಾಟ ಯಾವುದೂ ಸುಲಭವಲ್ಲ.

ಗಂಟು ಬಿಚ್ಚಿ ಅವರು ತೋರಿಸಿದ ಕಾಗದಗಳಲ್ಲಿ ಒಂದು ಉರ್ದುವಿನಲ್ಲಿತ್ತು, ಒಂದು ಮೋಡಿ ಲಿಪಿಯಲ್ಲಿತ್ತು, ಮತ್ತೊಂದು ಕೈಬರಹದ ಕನ್ನಡದಲ್ಲಿತ್ತು, ಕೊನೆಯದು ಗಣಕಯಂತ್ರದಿಂದ ಅಚ್ಚಾದದ್ದು. ಒಂದೇ ಹೊಲಕ್ಕೆ ನಾಲ್ಕು ಕಾಗದಗಳ ಸಾಕ್ಷಿ. ಈ ನಾಲ್ಕು ಕಾಗದಗಳ ನಡುವೆ ಈ ನಾಡಿನ ಆಡಳಿತದ ಚರಿತ್ರೆಯೇ ಮಡಿಸಿಟ್ಟಂತಿದೆಯೆಂದರೆ ಅತಿಶಯೋಕ್ತಿಯಲ್ಲ.

ಭೂಮಿಯ ಲೆಕ್ಕವೆಂಬುದು ಕಲ್ಯಾಣಕ್ಕೆ ಹೊಸದೇನೂ ಅಲ್ಲ. ಚಾಲುಕ್ಯರ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಈ ಸೀಮೆಯಲ್ಲಿ ನೆಟ್ಟ ದಾನಶಾಸನಗಳನ್ನು ಓದಿದರೆ, ಇಷ್ಟು ಮತ್ತರು ಭೂಮಿ, ಇಂಥ ಕೋಲಿನ ಅಳತೆ, ಮೂಡಲಿಗೆ ಇಂಥ ಕಲ್ಲು, ತೆಂಕಲಿಗೆ ಇಂಥ ಹಳ್ಳ ಎಂದು ಚೆಕ್ಕುಬಂದಿಯನ್ನು ಬಿಡಿಬಿಡಿಯಾಗಿ ಕೆತ್ತಿರುವುದು ಕಾಣುತ್ತದೆ. ಕಲ್ಲಿನಲ್ಲಿ ಬರೆದದ್ದನ್ನು ರಾತ್ರೋರಾತ್ರಿ ತಿದ್ದಲಾಗದು. ಊರ ನಡುವೆ ನಿಂತಿರುವುದರಿಂದ ಯಾರು ಬೇಕಾದರೂ ಓದಬಹುದು. ದಾನದ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪವನ್ನೂ ಕೊನೆಯಲ್ಲಿ ಸೇರಿಸುತ್ತಿದ್ದರು. ನಮ್ಮ ಕಾಲದ ಸಕಾಲ ಕಾಯಿದೆಯು ತಡಮಾಡಿದ ಅಧಿಕಾರಿಗೆ ವಿಧಿಸುವ ದಂಡವು ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿಕೆಯಿತ್ತೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076-1126) ಇದೇ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂಗಳ ದಾಯಭಾಗದ ನ್ಯಾಯವು ಶತಮಾನಗಳ ಕಾಲ ಈ ಗ್ರಂಥವನ್ನು ಅನುಸರಿಸಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂಬುದು ಅದರ ಮುಖ್ಯ ಮಾತು. ವ್ಯವಹಾರದಲ್ಲಿ ಪ್ರಮಾಣವು ಮೂರು ಬಗೆ: ಬರಹ, ಅನುಭೋಗ, ಸಾಕ್ಷಿ ಎಂಬ ಹಳೆಯ ವಿಂಗಡಣೆಯೂ ಅಲ್ಲಿ ಚರ್ಚೆಗೆ ಬರುತ್ತದೆ. ನಮ್ಮ ಮುತ್ಯಾನಿಗೆ ಅನುಭೋಗವುಂಟು. ಇಡೀ ಊರೇ ಸಾಕ್ಷಿ. ಇಲ್ಲದಿರುವುದು ಬರಹವೊಂದೇ. ಆದರೆ ಯಂತ್ರವು ಒಪ್ಪುವುದು ಅದೊಂದನ್ನೇ.

ಮುಂದೆ ನಿಜಾಮರ ಕಾಲ. ಮೊದಲನೆಯ ಸಾಲಾರ್ ಜಂಗರು ದಿವಾನರಾಗಿದ್ದಾಗ ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಿ, ಮುಂಬಯಿ ಪ್ರಾಂತದ ಮಾದರಿಯಲ್ಲಿ ಭೂಮಾಪನವನ್ನು ಆರಂಭಿಸಿದರು. ಪಾರಸಿಯ ಸ್ಥಾನಕ್ಕೆ ಉರ್ದು ಬಂದಿತು. ಪಹಣಿ, ಖಾತೆ, ಖುಷ್ಕಿ, ತರಿ, ಬಾಗಾಯತು, ಗಿರ್ದಾವರ, ಪಟವಾರಿ, ದಫ್ತರ ಮುಂತಾದ ಮಾತುಗಳು ಇಲ್ಲಿಯ ಕನ್ನಡದಲ್ಲಿ ಎಷ್ಟು ಬೆರೆತುಹೋದವೆಂದರೆ ಇಂದು ಅವುಗಳನ್ನು ಪರಭಾಷೆಯವೆಂದು ಯಾರೂ ಎಣಿಸುವುದಿಲ್ಲ. ಕಲ್ಯಾಣಿಯಾದರೋ ನವಾಬರ ಜಹಗೀರು. ಜಹಗೀರುಗಳ ಲೆಕ್ಕಪತ್ರ ಜಹಗೀರುದಾರರದ್ದೇ. 1948ರಲ್ಲಿ ಹೈದರಾಬಾದು ಭಾರತದಲ್ಲಿ ಸೇರಿ, 1949ರಲ್ಲಿ ಜಹಗೀರುಗಳು ರದ್ದಾದಾಗ, ಸರ್ಕಾರದ ಕೈಗೆ ಭೂಮಿಯೊಡನೆ ಹಲವು ಬಗೆಯ ಕಾಗದಗಳ ರಾಶಿಯೂ ಬಂದಿತು. ಹಕ್ಕುದಾಖಲೆಯ ನಿಬಂಧನೆಯು 1358ನೆಯ ಫಸಲಿಯಲ್ಲಿ ಜಾರಿಗೆ ಬಂದು, ಅದರ ಆಧಾರದ ಮೇಲೆ 1950ರ ದಶಕದಲ್ಲಿ ‘ಖಾಸರಾ ಪಹಣಿ’ಯು ಸಿದ್ಧವಾಯಿತು. ಹಳೆಯ ವ್ಯಾಜ್ಯಗಳಲ್ಲಿ ವಕೀಲರು ಇಂದಿಗೂ ಹುಡುಕಿಸುವುದು ಅದನ್ನೇ.

1956ರ ನವೆಂಬರ್ 1ರಂದು ಬೀದರ ಜಿಲ್ಲೆಯು ಮೂರು ಹೋಳಾಯಿತು. ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೂ, ಜಹೀರಾಬಾದು, ನಾರಾಯಣಖೇಡಗಳು ಆಂಧ್ರಕ್ಕೂ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದ, ಕಲ್ಯಾಣಗಳು ಮೈಸೂರು ರಾಜ್ಯಕ್ಕೆ ಬಂದವು. ಊರುಗಳು ಹಂಚಿಹೋದುವು, ಸಂಬಂಧಗಳು ಹಂಚಿಹೋಗಲಿಲ್ಲ. ಮಂಠಾಳದ ಸುತ್ತಿನ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಉಮರ್ಗಾದ ಕಡೆಯ ಸೊಸೆಯರು. ಈ ಮಾತು ಮುಂದೆ ಪ್ರಯೋಜನಕ್ಕೆ ಬರುವುದರಿಂದ ವಾಚಕರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾನೂನು ತೆಗೆದುಹಾಕಿತು. 1964ರ ಭೂಕಂದಾಯ ಕಾಯಿದೆಯು ಇಡೀ ರಾಜ್ಯಕ್ಕೆ ಒಂದೇ ಬಗೆಯ ಪಹಣಿಯನ್ನು ಕೊಟ್ಟಿತು. ಪಟವಾರಿಯ ಸ್ಥಾನದಲ್ಲಿ ಗ್ರಾಮ ಲೆಕ್ಕಿಗನು ಬಂದನು. ಆದರೆ ದಫ್ತರವು ಮೊದಲಿನಂತೆಯೇ ಒಬ್ಬನ ಮನೆಯಿಂದ ಇನ್ನೊಬ್ಬನ ಚೀಲಕ್ಕೆ ಹೋಯಿತಷ್ಟೆ. ಸುಮಾರು 9000 ಗ್ರಾಮ ಲೆಕ್ಕಿಗರು, ಒಬ್ಬೊಬ್ಬನ ಪಾಲಿಗೆ ಮೂರು ನಾಲ್ಕು ಹಳ್ಳಿಗಳು. ಪಹಣಿ ಬೇಕಾದ ರೈತನು ಅವನು ಯಾವ ಊರಿನಲ್ಲಿದ್ದಾನೆಂದು ಹುಡುಕಿಕೊಂಡು ಅಲೆಯಬೇಕು. ಸಿಕ್ಕಿದರೂ ಅವನಿಗೆ ಬಿಡುವಿರಬೇಕು, ಮನಸ್ಸಿರಬೇಕು, ಮನಸ್ಸು ಬರುವಂತೆ ರೈತನ ಜೇಬಿನಲ್ಲಿ ಏನಾದರೂ ಇರಬೇಕು. ಸರ್ಕಾರಿ ಜಮೀನಿನ ಮುಂದೆ ಖಾಸಗಿ ಹೆಸರೊಂದು ಬಂದು ಕುಳಿತರೂ, ಬರೆದ ಕೈ ಯಾವುದೆಂದು ಹೇಳುವವರಿರಲಿಲ್ಲ. ಎಲ್ಲ ಗ್ರಾಮ ಲೆಕ್ಕಿಗರೂ ಹಾಗಿದ್ದರೆನ್ನುವುದು ಅನ್ಯಾಯ. ಮಳೆಗಾಲದಲ್ಲಿ ದಫ್ತರವನ್ನು ತಲೆಯ ಮೇಲೆ ಹೊತ್ತು ಹಳ್ಳ ದಾಟಿದವರೂ ಉಂಟು. ಆದರೆ ಪ್ರಾಮಾಣಿಕತೆಯು ಆಯಾ ವ್ಯಕ್ತಿಯ ಗುಣವಾಗಿತ್ತೇ ಹೊರತು ಏರ್ಪಾಟಿನ ಗುಣವಾಗಿರಲಿಲ್ಲ.

ಈ ಸ್ಥಿತಿಯಲ್ಲಿ ಬಂದದ್ದು ‘ಭೂಮಿ’ ಯೋಜನೆ. ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಹಾಕುವ ಪ್ರಯತ್ನವು ಕರ್ನಾಟಕದಲ್ಲಿ ಕೇಂದ್ರದ ನೆರವಿನಿಂದ 1991ರಲ್ಲೇ ಮೊದಲಾಗಿತ್ತಾದರೂ ಫಲ ಕೈಗೆ ಬಂದಿರಲಿಲ್ಲ. 2000ದ ಸುಮಾರಿಗೆ ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ಕೆಲಸವು ಬಿರುಸಿನಿಂದ ನಡೆಯಿತು. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದವರು ತಂತ್ರಾಂಶವನ್ನು ಸಿದ್ಧಪಡಿಸಿದರು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಯಂತ್ರವನ್ನು ಸೇರಿದವು. ತಾಲ್ಲೂಕು ಕಚೇರಿಯಲ್ಲಿ ಕಿಟಕಿಯೊಂದನ್ನು ತೆರೆದರು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು, ಯಾರನ್ನೂ ಬೇಡಬೇಕಾದ್ದಿರಲಿಲ್ಲ.

ಆ ಕಾಲದ ಉತ್ಸಾಹದಲ್ಲಿ ಎಲ್ಲರೂ ಯಂತ್ರವನ್ನು ಹೊಗಳಿದರು. ನನ್ನ ಮಟ್ಟಿಗೆ ಹೇಳುವುದಾದರೆ, ಗಟ್ಟಿಯಾದ ಕೆಲಸವು ಯಂತ್ರದಿಂದ ಆದದ್ದಲ್ಲ, ಯಂತ್ರದ ಸುತ್ತ ಕಟ್ಟಿದ ಮೂರು ಕಟ್ಟಳೆಗಳಿಂದ ಆದದ್ದು. ಕೈಬರಹದ ಪಹಣಿಗೆ ಬೆಲೆಯಿಲ್ಲವೆಂದು ಸರ್ಕಾರವು ಸಾರಿಬಿಟ್ಟಿತು. ಆದ್ದರಿಂದ ಹಳೆಯ ದಾರಿಯು ಮುಚ್ಚಿಹೋಯಿತು. ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ವಿಲೇ ಮಾಡಬೇಕು, ಹಿಂದೆ ಬಂದವನನ್ನು ಮುಂದಕ್ಕೆ ದಾಟಿಸಲು ಯಂತ್ರವು ಬಿಡದು. ಮತ್ತು ಒಂದಕ್ಷರವನ್ನು ಬದಲಿಸಬೇಕಾದರೂ ಅಧಿಕಾರಿಯು ತನ್ನ ಬೆರಳ ಗುರುತನ್ನು ಕೊಡಬೇಕು. ಹಳ್ಳಿಯವರು ಹೆಬ್ಬೆಟ್ಟು ಒತ್ತುವುದನ್ನು ನೋಡಿ ನಗುತ್ತಿದ್ದ ಕಚೇರಿಯವರೇ ಈಗ ಹೆಬ್ಬೆಟ್ಟಿನವರಾದರೆಂದು ಜನರು ವಿನೋದವಾಡಿದರು.

ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಸಂಸ್ಥೆಯು 2002ರಲ್ಲಿ ರೈತರನ್ನು ವಿಚಾರಿಸಿದಾಗ, ಹಿಂದಿನ ಪದ್ಧತಿಯಲ್ಲಿ ಮೂವರಲ್ಲಿ ಇಬ್ಬರು ಲಂಚ ಕೊಟ್ಟದ್ದಾಗಿಯೂ, ಹೊಸ ಕಿಟಕಿಯಲ್ಲಿ ಕೊಟ್ಟವರು ನೂರಕ್ಕೆ ಮೂವರೆಂದೂ ತಿಳಿದುಬಂದಿತು. ಇದು ಸಾಮಾನ್ಯವಾದ ಸಾಧನೆಯಲ್ಲ.

ಆದರೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಬರಹವು ಭಟ್ಟಂಗಿತನವಾದೀತು. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು, ದಾಖಲೆಗಳನ್ನು ಹಳ್ಳಿಯಿಂದ ಮೇಲಕ್ಕೆ ಒಯ್ದುದರಿಂದ ಬೆಂಗಳೂರಿನ ಸುತ್ತಮುತ್ತ ದೊಡ್ಡ ದೊಡ್ಡ ಜಮೀನು ಖರೀದಿದಾರರಿಗೇ ಅನುಕೂಲವಾಯಿತೆಂದೂ, ಲಂಚವು ಹೋಗದೆ ಮೇಲಿನ ಮೆಟ್ಟಿಲಿಗೆ ಏರಿತೆಂದೂ ವಾದಿಸಿತು. ಆ ವಾದವನ್ನು ಪೂರ್ತಿಯಾಗಿ ಒಪ್ಪಬೇಕಾಗಿಲ್ಲ. ಆದರೂ ಪಹಣಿಯ ಪ್ರತಿ ಪಡೆಯುವುದು ಬೇರೆ, ಪಹಣಿಯಲ್ಲಿ ಹೆಸರು ಬದಲಾಯಿಸುವುದು ಬೇರೆ ಎಂಬುದು ಹಳ್ಳಿಯ ಯಾವ ರೈತನಿಗೂ ಗೊತ್ತು. ಪ್ರತಿಯು ಯಂತ್ರದ ಕೆಲಸ. ಬದಲಾವಣೆಗೆ ನೋಟೀಸು ಹೊರಡಬೇಕು, ಆಕ್ಷೇಪಣೆಗೆ ಅವಧಿ ಕೊಡಬೇಕು, ಕಂದಾಯ ನಿರೀಕ್ಷಕರು ಒಪ್ಪಬೇಕು. ಅಲ್ಲಿ ಮನುಷ್ಯನಿದ್ದಾನೆ.

ಇನ್ನೊಂದು ತೊಡಕು ನಮ್ಮ ಸೀಮೆಗೆ ವಿಶೇಷವಾದದ್ದು. ಯಂತ್ರವು ಹಳೆಯ ಕಾಗದದಲ್ಲಿದ್ದುದನ್ನೇ ನಕಲು ಮಾಡಿತು, ಅದರ ತಪ್ಪನ್ನೂ ಬಿಡಲಿಲ್ಲ. ಉರ್ದುವಿನಿಂದ ಮೋಡಿಗೂ, ಮೋಡಿಯಿಂದ ಕನ್ನಡಕ್ಕೂ ದಾಟಿಕೊಂಡು ಬಂದ ಹೆಸರು ದಾರಿಯಲ್ಲಿ ಒಂದೆರಡು ಅಕ್ಷರವನ್ನು ಕಳೆದುಕೊಂಡರೆ ಆಶ್ಚರ್ಯವೇನು? ಉರ್ದುವಿನಲ್ಲಿ ಹ್ರಸ್ವಸ್ವರವನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಪಹಣಿಯಲ್ಲಿ ಶರಣಪ್ಪನಾದವನು ಆಧಾರ್ ಚೀಟಿಯಲ್ಲಿ ಶರಣಬಸಪ್ಪನಾಗಿ, ಬ್ಯಾಂಕಿನ ಪುಸ್ತಕದಲ್ಲಿ ಶರ್ನಪ್ಪನಾಗಿ ಇರುವುದುಂಟು. ಹಳೆಯ ಪಟವಾರಿಗೆ ಈ ಮೂವರೂ ಒಬ್ಬನೇ ಎಂದು ಗೊತ್ತಿತ್ತು, ಏಕೆಂದರೆ ಅವನು ಶರಣಪ್ಪನ ಮದುವೆಗೆ ಹೋಗಿದ್ದವನು. ಯಂತ್ರವು ಯಾರ ಮದುವೆಗೂ ಹೋಗಿಲ್ಲ. ಪಹಣಿಗೆ ಆಧಾರ್ ಜೋಡಿಸುವ ಕೆಲಸವು ರಾಜ್ಯದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದಂದಿನಿಂದ ಈ ಅಕ್ಷರಗಳ ಜಗಳವು ಇನ್ನಷ್ಟು ಬಯಲಿಗೆ ಬಂದಿತು.

ತಾಲ್ಲೂಕಿಗೆ ಹೋದ ಪಹಣಿಯು ಮತ್ತೆ ಹಳ್ಳಿಯ ಕಡೆಗೆ ಇಳಿದು ಬಂದ ಬಗೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 2006ರಲ್ಲಿ ಖಾಸಗಿಯವರ ಸಹಭಾಗಿತ್ವದಿಂದ ಹೋಬಳಿಗಳಲ್ಲಿ ಸುಮಾರು 800 ‘ನೆಮ್ಮದಿ’ ಕೇಂದ್ರಗಳು ಹುಟ್ಟಿದವು. ಅವು ನಿಂತು, 2012ರ ಕೊನೆಯಲ್ಲಿ ಅಟಲ್‌ಜಿ ಜನಸ್ನೇಹಿ ಕೇಂದ್ರಗಳು ನಾಡಕಚೇರಿಯ ಹೊಣೆಯನ್ನು ಹೊತ್ತವು. ಅದೇ ವರ್ಷ ಏಪ್ರಿಲ್ 2ರಂದು ‘ಸಕಾಲ’ವು 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯದಾದ್ಯಂತ ಆರಂಭವಾಯಿತು. ಅರ್ಜಿ ಕೊಟ್ಟವನಿಗೆ ಸಂಖ್ಯೆಯುಳ್ಳ ಹಿಂಬರಹ, ಅದರಲ್ಲಿ ಕೆಲಸವಾಗಬೇಕಾದ ಗಡುವು. ಬಳಿಕ ಗ್ರಾಮ ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ, 2022ರಲ್ಲಿ ಗ್ರಾಮ ಒನ್. ಇಂದು ಕೈಯಲ್ಲಿ ಮೊಬೈಲು ಹಿಡಿದ ಮೊಮ್ಮಗನು ಕಟ್ಟೆಯ ಮೇಲೆ ಕುಳಿತೇ ಮುತ್ಯಾನ ಪಹಣಿಯನ್ನು ತೆರೆದು ತೋರಿಸಬಲ್ಲನು. ಕಲ್ಲಿನ ಶಾಸನದಂತೆಯೇ ಅದು ಮತ್ತೆ ಎಲ್ಲರ ಕಣ್ಣ ಮುಂದೆ ಬಂದಿದೆ. ‘ಸರ್ವರ್ ಇಲ್ರಿ, ಮಧ್ಯಾಹ್ನ ಬರ್ರಿ’ ಎಂಬ ಮಾತೂ ಜೊತೆಯಲ್ಲೇ ಬಂದಿದೆಯೆನ್ನಿ. ‘ಸಾಹೇಬರು ದೌರೆಗೆ ಹೋಗ್ಯಾರ’ ಎಂಬ ಹಳೆಯ ಮಾತಿನ ಖಾಲಿ ಜಾಗವನ್ನು ಯಾರಾದರೂ ತುಂಬಬೇಕಲ್ಲ!

ಈಗ ಮುತ್ಯಾನ ಸಂಗತಿಗೆ ಬರೋಣ. ಅವರಿಗೆ ಬೇಕಾದದ್ದು ಪೌತಿ ಖಾತೆ, ಎಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ವರ್ಗಾವಣೆ. ಇದಕ್ಕೆ ಮರಣಪತ್ರ ಬೇಕು, ವಂಶವೃಕ್ಷ ಬೇಕು, ವಾರಸುದಾರರೆಲ್ಲರ ಗುರುತಿನ ಚೀಟಿ ಬೇಕು. ನಲವತ್ತು ವರ್ಷಗಳ ಹಿಂದೆ ಹೊಲದ ಬದುವಿನಲ್ಲಿ ಮಣ್ಣಾದವರ ಮರಣವನ್ನು ಯಾರು ಬರೆಸಿದ್ದರು? ಜನನ ಮರಣ ನೋಂದಣಿಯ ಕಾಯಿದೆಯು 1969ರದ್ದು. ಒಂದು ವರ್ಷ ಮೀರಿದ ಮೇಲೆ ನೋಂದಾಯಿಸಬೇಕಾದರೆ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕು. ಅದಕ್ಕೆ ಒಂದು ಓಡಾಟ.

ವಂಶವೃಕ್ಷದಲ್ಲಿ ಮತ್ತೊಂದು ಕೊಂಬೆಯಿದೆ. ಮುತ್ಯಾನಿಗೆ ಒಬ್ಬಳು ತಂಗಿ. ಗಡಿಯಾಚೆಯ ಹಳ್ಳಿಗೆ ಕೊಟ್ಟದ್ದು. ವಿಜ್ಞಾನೇಶ್ವರನು ಹೇಳಿದ ಹುಟ್ಟಿನ ಹಕ್ಕು ಗಂಡುಮಕ್ಕಳದ್ದಾಗಿತ್ತು. ಕರ್ನಾಟಕವು 1994ರಲ್ಲಿ ತನ್ನ ತಿದ್ದುಪಡಿಯಿಂದ ಹೆಣ್ಣುಮಕ್ಕಳನ್ನೂ ಆ ಹಕ್ಕಿಗೆ ಸೇರಿಸಿತು, ಆದರೆ ಅಂದಿಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿಯು ಆ ಅಂತರವನ್ನೂ ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟು, 2005ರಲ್ಲಿ ತಂದೆ ಬದುಕಿರಬೇಕಾದ ಅಗತ್ಯವಿಲ್ಲವೆಂದು ಸ್ಪಷ್ಟಪಡಿಸಿತು. ಅದಲ್ಲದೆ ಸತ್ತ ತಂದೆಯ ಪಾಲಿನಲ್ಲಿ ಮಗಳಿಗೆ ವಾರಸಿನ ಹಕ್ಕು 1956ರ ಕಾಯಿದೆಯಿಂದಲೂ ಇದೆ. ಹಿಂದೆ ದಫ್ತರದ ಮುಂದೆ ಕುಳಿತು ಗಂಡುಮಕ್ಕಳ ಹೆಸರನ್ನಷ್ಟೇ ಹೇಳಿ ಎದ್ದುಬರುತ್ತಿದ್ದರು. ಅರಿಸಿನ ಕುಂಕುಮಕ್ಕೆ ಕರೆದು ಸೀರೆ ಕೊಟ್ಟರೆ ಋಣ ತೀರಿತೆಂಬ ಭಾವನೆ. ಅರ್ಜಿಯ ನಮೂನೆಯಲ್ಲಿ ಹೆಣ್ಣುಮಕ್ಕಳ ಹೆಸರಿಗೂ ಸಾಲು ಇರುವುದರಿಂದ ತಂಗಿಯನ್ನು ಬಿಟ್ಟರೆ ಮುಂದೆ ಅರ್ಜಿಯೇ ಬಿದ್ದುಹೋಗಬಹುದು. ಎಷ್ಟೋ ಮನೆಗಳಲ್ಲಿ ಪೌತಿ ಖಾತೆಯು ನಿಂತಿರುವುದು ಕಚೇರಿಯ ತಡದಿಂದಲ್ಲ, ಅಣ್ಣತಮ್ಮಂದಿರು ತಂಗಿಯ ಮನೆಯ ಬಾಗಿಲಿಗೆ ಹೋಗಲು ಅಂಜುವುದರಿಂದ. ಇದು ಕಟುವಾದ ಮಾತು, ಆದರೆ ನಿಜ.

ತಂಗಿಯು ಒಪ್ಪಿದರೂ ಅವಳ ಆಧಾರ್ ಚೀಟಿಯು ಮರಾಠಿಯಲ್ಲಿದೆ. ಮದುವೆಯ ನಂತರ ಅವಳ ಹೆಸರೂ ಬದಲಾಗಿದೆ. ಮಹಾರಾಷ್ಟ್ರದವರ ಸಾತಬಾರಾ ಉತಾರವೂ ಯಂತ್ರದಲ್ಲಿದೆ, ನಮ್ಮ ಪಹಣಿಯೂ ಯಂತ್ರದಲ್ಲಿದೆ, ಆದರೆ ಎರಡಕ್ಕೂ ಮಾತುಕತೆಯಿಲ್ಲ. ಬಾಲ್ಟಿಕ್ ಸಮುದ್ರದ ತೀರದ ಎಸ್ಟೋನಿಯಾ ಎಂಬ ಸಣ್ಣ ದೇಶವು 2001ರಲ್ಲಿ, ಎಂದರೆ ನಮ್ಮ ಭೂಮಿ ಯೋಜನೆ ಹಬ್ಬುತ್ತಿದ್ದ ಕಾಲದಲ್ಲೇ, ಬೇರೆ ಬೇರೆ ಇಲಾಖೆಗಳ ದಾಖಲೆಗಳು ಪರಸ್ಪರ ವಿಚಾರಿಸಿಕೊಳ್ಳುವ ಏರ್ಪಾಟನ್ನು ಮಾಡಿತು. ಪ್ರಜೆಯು ಒಮ್ಮೆ ಹೇಳಿದ್ದನ್ನು ಸರ್ಕಾರವು ಮತ್ತೊಮ್ಮೆ ಕೇಳಕೂಡದೆಂಬುದು ಅಲ್ಲಿಯ ನಿಯಮ. ಆ ದೇಶದ ಜನಸಂಖ್ಯೆ ಸುಮಾರು 13 ಲಕ್ಷ. ನಮ್ಮ ಬೀದರ ಜಿಲ್ಲೆಯೊಂದರ ಜನಸಂಖ್ಯೆಯೇ 2011ರ ಗಣತಿಯಲ್ಲಿ 17 ಲಕ್ಷವನ್ನು ಮೀರಿತ್ತು. ಹೋಲಿಕೆ ಮಾಡುವಾಗ ಇದನ್ನು ಮರೆಯಬಾರದು. ಆದರೂ, ಹಳ್ಳಿಯವನು ಸರ್ಕಾರದ ಒಂದು ಮನೆಯಿಂದ ಕಾಗದ ಪಡೆದು ಸರ್ಕಾರದ ಇನ್ನೊಂದು ಮನೆಗೆ ಹೊತ್ತುಕೊಂಡು ಹೋಗುವ ಹಮಾಲನಾಗಬೇಕೇಕೆ ಎಂಬ ಪ್ರಶ್ನೆಗೆ ಜನಸಂಖ್ಯೆಯು ಉತ್ತರವಲ್ಲ. ನಮ್ಮಲ್ಲೇ ಇದಕ್ಕೆ ಮಾದರಿಯಿದೆ: ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರವಾದೊಡನೆ ಅದರ ವರದಿಯು ರೈತನ ಕೈಗೆ ಬಾರದೆ ನೇರವಾಗಿ ಭೂಮಿ ತಂತ್ರಾಂಶವನ್ನು ಸೇರುತ್ತದೆ. ಮಾರಿದ ಹೊಲಕ್ಕೆ ದೊರೆತ ಈ ಸೌಕರ್ಯವು ಸತ್ತವರ ಹೊಲಕ್ಕೂ ಅಷ್ಟೇ ಸರಾಗವಾಗಿ ದೊರೆಯಬೇಡವೆ?

ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಹಳೆಯ ಕಡತಗಳ ಚಿತ್ರ ತೆಗೆದು ಯಂತ್ರದಲ್ಲಿಡುವ ‘ಭೂ ಸುರಕ್ಷಾ’ ಕೆಲಸವು 2024ರಲ್ಲಿ ಆರಂಭವಾಯಿತು. ಗೆದ್ದಲಿಗೂ ಮಳೆಗೂ ಆಹುತಿಯಾಗುವ ಕಾಗದಕ್ಕೆ ಇದು ಜೀವದಾನ. ಆದರೆ ಮೋಡಿಯ ಚಿತ್ರವೂ ಮೋಡಿಯೇ. ಅದನ್ನು ಓದಬಲ್ಲ ಹಿರಿಯರು ಈ ಸೀಮೆಯಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರಲ್ಲಿ ಕೆಲವರನ್ನಾದರೂ ಕರೆದು ಹತ್ತು ಮಂದಿ ತರುಣರಿಗೆ ಆ ಲಿಪಿಯನ್ನು ಕಲಿಸಿದರೆ ಯಂತ್ರಕ್ಕೆ ತಗಲುವ ಖರ್ಚಿನ ಮುಂದೆ ಅದು ಎಷ್ಟರದು?

ಅಂದು ಕಿಟಕಿಯ ತರುಣನು ಮುತ್ಯಾನ ಅರ್ಜಿಯನ್ನು ಮರಳಿಸಲಿಲ್ಲ. ಮೊದಲು ವಂಶವೃಕ್ಷಕ್ಕೆ ಬರೆಸಿಕೊಂಡು, ಮರಣಪತ್ರಕ್ಕೆ ಎಲ್ಲಿಗೆ ಹೋಗಬೇಕೆಂಬುದನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟನು. ಬೆರಳ ಗುರುತು ಹಿಡಿಯಲಿಲ್ಲ. ಕುಂಟೆ ಹಿಡಿದು ಸವೆದ ಬೆರಳಲ್ಲಿ ಗೆರೆಗಳು ಉಳಿದಿರಲಿಲ್ಲ. ಕಣ್ಣಿನ ಯಂತ್ರವನ್ನು ತರಿಸಿದರು.

“ತಂಗಿ ಹೆಸರ ಬರೀಲ್ರಿ ಮುತ್ಯಾ?”

ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಬರಿಯಪ್ಪ. ಆಕಿಗೂ ಅಪ್ಪನ ಅವ” ಎಂದರು.

ಹಿಂಬರಹವನ್ನು ಉರ್ದುವಿನ ಕಾಗದದ ಮಡಿಕೆಯೊಳಗಿಟ್ಟು ಗಂಟು ಕಟ್ಟಿಕೊಂಡು, ಉಮರ್ಗಾದ ಕಡೆಗೆ ಹೋಗುವ ಬಸ್ಸು ಎಷ್ಟು ಹೊತ್ತಿಗಿದೆಯೆಂದು ಹೊರಗೆ ನಿಂತವರನ್ನು ವಿಚಾರಿಸಿದರು.